ಮೀನುಗಳ ಗೃಹಪ್ರವೇಶ

ರಕ್ತದೊತ್ತಡ ಇಳಿಯಲಿ ಎಂದು ಮನೆಗೆ ತಂದ ವಸ್ತುವಿನಿಂದಲೇ ರಕ್ತದೊತ್ತಡ ಏರತೊಡಗಿದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಮಾತ್ರೆಯಾಗಿದ್ದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಬಹುದು. ಉಪ್ಪಿನಕಾಯಿಯಾಗಿದ್ದರೆ ಅಟ್ಟದ ಮೇಲಿಟ್ಟು ಮರೆತಂತೆ ನಟಿಸಬಹುದು. ಮೀನನ್ನು ಏನು ಮಾಡುವುದು? ಗಾಜಿನಾಚೆ ನಿಂತು ಅವು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ನಮ್ಮನ್ನೇ ಏನೋ ಕೇಳುತ್ತಿರುತ್ತವೆ. ಬೇರೆಯವರಿಗೆ ಹೇಗೋ ಗೊತ್ತಿಲ್ಲ, ನನಗಂತೂ ಅವು "ಯಾಕಪ್ಪ ತಂದೆ ನಮ್ಮನ್ನ ಇಲ್ಲಿಗೆ?" ಎಂದು ಕೇಳುತ್ತಿರುವ ಹಾಗೆಯೇ ಕಾಣುತ್ತದೆ.

ನಾನೇನೂ ಶೋಕಿಗೆ ತಂದವನಲ್ಲ. ಕೆಜಿಎಫ್‌ನಲ್ಲಿ ನಮ್ಮ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಳ್ಳು ನೋಡಿ, ಆಮೇಲೆ ನನ್ನ ಮುಖ ನೋಡಿ, "ಒಂದು ಅಕ್ವೇರಿಯಂ ಇಟ್ಕೊಳ್ಳಿ. ಸಂಜೆ ಹೊತ್ತು ಸುಮ್ನೆ ಕೂತು ಮೀನು ನೋಡಿ. ಮನಸ್ಸು ತಣ್ಣಗಾಗುತ್ತೆ" ಎಂದಿದ್ದರು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಿಂದ ಒಂದು ಗಾಜಿನ ತೊಟ್ಟಿ, ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡು, ಗುಳುಗುಳು ಎಂದು ಗಾಳಿ ಬಿಡುವ ಒಂದು ಮೋಟರು, ನಾಲ್ಕು ಮೀನು ತಂದೆ. ಮೂರು ಕಿತ್ತಳೆ ಬಣ್ಣದವು. ಇನ್ನೊಂದು ಕರಿಯದು, ಗುಡ್ಡೆಗಣ್ಣಿನದು. ಅದನ್ನು ನಾನು ಆರಿಸಿದ್ದಲ್ಲ. "ಮನೆ ಮೇಲೆ ಬೀಳೋ ದೃಷ್ಟಿ ಎಲ್ಲ ಇದೇ ಎಳ್ಕೊಳ್ಳುತ್ತೆ ಸಾರ್" ಎಂದು ಅಂಗಡಿಯವನೇ ಸೇರಿಸಿ ಕೊಟ್ಟ. ನಮ್ಮ ತಗಡಿನ ಸೂರಿನ ಮನೆಯ ಮೇಲೆ ದೃಷ್ಟಿ ಹಾಕುವ ಪುಣ್ಯಾತ್ಮರು ಯಾರಿದ್ದಾರೆ ಎಂದು ನಾನು ಕೇಳಲಿಲ್ಲ.

ತಂದ ವಾರದಲ್ಲೇ ಮೀನುಗಳು ನನ್ನ ಕೈತಪ್ಪಿ ಹೋದವು. ಅಂದರೆ ಸಾಯಲಿಲ್ಲ, ಸುಗುಣಳ ಪಾಲಾದವು. ನನ್ನ ಹೆಂಡತಿ ಸುಗುಣಳ ತವರು ಕಾಮಸಮುದ್ರದ ಕಡೆ. ಆಂಧ್ರದ ಗಡಿ ಅಲ್ಲಿಂದ ಕೂಗಳತೆಯಲ್ಲಿದೆ. ಹಾಗಾಗಿ ಅವಳು ನನ್ನೊಡನೆ ಕನ್ನಡ, ಅಕ್ಕಪಕ್ಕದವರೊಡನೆ ತಮಿಳು, ಮನಸ್ಸಿಗೆ ಹತ್ತಿರವಾದವರೊಡನೆ ತೆಲುಗು ಮಾತಾಡುತ್ತಾಳೆ. ಮೀನುಗಳಿಗೆ ಮೊದಲ ದಿನದಿಂದಲೇ ತೆಲುಗು. ಕಾಳು ಹಾಕುವಾಗ "ರಾ ನಾನ್ನಾ, ತಿನು ನಾನ್ನಾ" ಎಂದು ಹೆತ್ತ ಮಕ್ಕಳನ್ನು ಉಣ್ಣಲು ಕರೆದ ಹಾಗೆ ಕರೆಯುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಊಟಕ್ಕೆ "ಬನ್ನಿ, ಆರಿ ಹೋಗುತ್ತೆ" ಎಂಬ ಕನ್ನಡವೇ. ಕರಿಯದಕ್ಕೆ ನಲ್ಲೋಡು ಎಂದು ಹೆಸರಿಟ್ಟಳು, ತೆಲುಗಿನಲ್ಲಿ ಕರಿಯ ಎಂದರ್ಥ. ನಲ್ಲೋಡು ಅವಳ ಸ್ವರ ಕೇಳಿದರೆ ಮೇಲೆ ಬರುತ್ತಿತ್ತು. ನಾನು ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದರೆ ಬಾಲ ತಿರುಗಿಸಿ ಕಲ್ಲಿನ ಹಿಂದೆ ಹೋಗುತ್ತಿತ್ತು.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಿಬಿಡುವುದು ಒಳ್ಳೆಯದು. ನಾನು ಬಂಗಾರಪೇಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಳ್ಳಿಗಳಿಗೆ ಹೋದಾಗ ಜನ ನನ್ನನ್ನು "ಡಾಕ್ಟ್ರೇ" ಎಂದು ಕರೆಯುತ್ತಾರೆ. ನಿಜವಾದ ಡಾಕ್ಟರು ಪಕ್ಕದಲ್ಲಿದ್ದಾಗ ನಾನು ಅದನ್ನು ತಿದ್ದುತ್ತೇನೆ, ಇಲ್ಲದಾಗ ಬಂದವರ ಮನಸ್ಸು ನೋಯಿಸುವುದೇಕೆ ಎಂದು ಸುಮ್ಮನಿರುತ್ತೇನೆ. ಹೀಗಿರುವಾಗ ಮನೆಯಲ್ಲಿ ಒಂದು ಮೀನು ಮಂಕಾದರೆ ಇಡೀ ಓಣಿ ನನ್ನ ಕಡೆ ತಿರುಗುತ್ತಿತ್ತು. ಹಸುವಿನ ಜ್ವರವಾದರೆ ಕಿವಿ ಮುಟ್ಟಿ ಹೇಳುತ್ತೇನೆ. ಮೀನಿಗೆ ಕಿವಿ ಎಲ್ಲಿ? ಒಮ್ಮೆ ನಮ್ಮ ದನದ ಡಾಕ್ಟರ್ ಸಾಹೇಬರನ್ನೇ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಮುನಿರಾಜು, ನಾನು ಓದುವಾಗ ಮೀನು ಅಂತ ಕಂಡಿದ್ದು ಹಾಸ್ಟೆಲ್ ತಟ್ಟೇಲಿ ಮಾತ್ರ ಕಣಯ್ಯ" ಎಂದರು.

ಆಸ್ಪತ್ರೆ ಬಂಗಾರಪೇಟೆಯಲ್ಲಿ, ಮನೆ ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆ. ದಿನಾ ಪ್ಯಾಸೆಂಜರ್ ಟ್ರೇನು. ಹರೆಯದಲ್ಲಿ ಚಲಿಸುವ ಟ್ರೇನಿಗೆ ಹಾರಿ ಹತ್ತುತ್ತಿದ್ದ ಮಂಡಿಗಳು ಈಗ ನಿಂತ ಟ್ರೇನನ್ನು ಹತ್ತುವುದಕ್ಕೂ ಗೊಣಗತೊಡಗಿದವು. ಬಂಗಾರಪೇಟೆಯಲ್ಲೇ ಒಂದು ಬಾಡಿಗೆ ಮನೆ ನೋಡಿದೆ. ಮೊದಲನೇ ಮಹಡಿ, ಗಾಳಿ ಬೆಳಕು ಧಾರಾಳ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಸುಗುಣ ಒಪ್ಪಲಿಲ್ಲ. ಅಲ್ಲಿ ಯಾರೂ ಗೊತ್ತಿಲ್ಲ ಎಂದಳು. ಮೆಟ್ಟಿಲು ಎಂದಳು. ಕೊನೆಗೆ, "ಅಲ್ಲಿ ನೀರು ನಮಗೆ ಒಗ್ಗಲ್ಲ" ಎಂದಳು. ಕೇಳಿ ನನಗೆ ಮೈ ಉರಿಯಿತು. ಇಷ್ಟು ವರ್ಷ ಚಿನ್ನ ತೆಗೆದು ಸುರಿದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ನೆರಳಲ್ಲಿ ಸಂಸಾರ ಮಾಡಿದವಳು, ಗಾಳಿ ಎದ್ದಾಗ ಆ ದಿಬ್ಬದ ಧೂಳನ್ನು ಅನ್ನದ ಜೊತೆ ಉಂಡವಳು, ಬಂಗಾರಪೇಟೆಯ ನೀರಿಗೆ ಹೆದರುತ್ತಾಳೆ! ನೀರಿನ ವಿಚಾರದಲ್ಲಿ ಒಂದು ಭಾಷಣವನ್ನೇ ಮಾಡಿದೆ. ಮನುಷ್ಯ ಎಲ್ಲಿಗೆ ಹೋದರೂ ಹೊಂದಿಕೊಳ್ಳಬೇಕು, ನನ್ನನ್ನು ನೋಡು, ಬಯಲಲ್ಲಿ ಬಿಟ್ಟರೂ ಬದುಕುತ್ತೇನೆ ಎಂದೆಲ್ಲ ಹೇಳಿದೆ. ಈ ಭಾಷಣವನ್ನು ದಯವಿಟ್ಟು ನೆನಪಿನಲ್ಲಿಡಿ. ಸುಗುಣ ಇಟ್ಟುಕೊಂಡಿದ್ದಳು.

ಕೊನೆಗೆ ಅವಳು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಮೀನು ನಾಲ್ಕೂ ಜೀವಂತವಾಗಿ ಬಂದು ಸೇರಿದ್ರೆ ನಾನೂ ಬಂದೆ ಅಂತ ಇಟ್ಕೊಳ್ಳಿ. ಒಂದು ಸತ್ರೂ ಆ ಮನೆ ನಮಗೆ ಆಗಿಬರಲ್ಲ ಅಂತ ಅರ್ಥ. ತಗೊಂಡು ಹೋದ ಟೆಂಪೋದಲ್ಲೇ ವಾಪಸ್ ಬಂದುಬಿಡೋದು." ಮೀನು ಸತ್ತರೆ ಮನೆಯವರ ಕಂಟಕ ಅದು ತೆಗೆದುಕೊಂಡು ಹೋಯಿತು ಅಂತಾರಲ್ಲ, ಅದು ಒಳ್ಳೆಯದೇ ಅಲ್ಲವೇ ಎಂದು ವಾದಿಸಿ ನೋಡಿದೆ. "ಅದು ಹಳೇ ಮನೇಲಿ ಸತ್ರೆ. ಹೊಸ ಮನೆಗೆ ಹೋದ ದಿನವೇ ಸತ್ರೆ ಅಲ್ಲ" ಎಂದಳು. ಇಂಥ ಉಪನಿಯಮಗಳನ್ನು ಅವಳು ಎಲ್ಲಿಂದ ತರುತ್ತಾಳೋ! ಹಳೇ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಮಾರನೆಯ ದಿನ ಕೊಡುತ್ತೇವೆಂದು ಅವಳೇ ಹೇಳಿ ಬಂದಳು. ಷರತ್ತು ಬಾಯಿಮಾತಿನದಲ್ಲ ಎಂಬುದು ನನಗೆ ಆಗ ಖಚಿತವಾಯಿತು.

ಮೀನಿನ ಅಂಗಡಿಯವನಿಗೆ ಫೋನ್ ಮಾಡಿದೆ. "ಎರಡು ದಿನ ತೀನಿ ಹಾಕ್ಬೇಡಿ ಸಾರ್. ಹಳೇ ನೀರು ಎಷ್ಟಾಗುತ್ತೋ ಅಷ್ಟೂ ತಗೊಂಡು ಹೋಗಿ. ಮೀನಿಗೆ ಊರು ಬದಲಾದ್ರೆ ಗೊತ್ತಾಗಲ್ಲ, ನೀರು ಬದಲಾದ್ರೆ ಗೊತ್ತಾಗುತ್ತೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೊಸ ನೀರು ಬೆರೆಸ್ತಾ ಬನ್ನಿ. ಅವಕ್ಕೆ ಗೊತ್ತಾಗದ ಹಾಗೆ ಬೆರೆಸ್ಬೇಕು" ಎಂದ.

ಹೀಗಾಗಿ ನಾವು ಕೆಜಿಎಫ್‌ನಿಂದ ನೀರು ಹೊತ್ತುಕೊಂಡು ಹೊರಟೆವು. ಕೊಳಾಯಿಯಲ್ಲಿ ನೀರು ಬಂತೆಂದರೆ ಹಬ್ಬ ಬಂದಂತೆ ಮಾಡುವ ಊರು ನಮ್ಮದು. ಅಲ್ಲಿಂದ ಮೂರು ಕ್ಯಾನು ಪಾಚಿಗಟ್ಟಿದ ಹಸಿರು ನೀರನ್ನು ಜೋಪಾನವಾಗಿ ಟೆಂಪೋಗೆ ಏರಿಸುವುದನ್ನು ನೋಡಲು ಓಣಿಗೆ ಓಣಿಯೇ ಹೊರಗೆ ನಿಂತಿತ್ತು. ಟೆಂಪೋದ ಸೆಲ್ವಂ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ, ನಿಧಾನವಾಗಿ ಮುಚ್ಚಿ, "ಸಾರ್, ಕೆಜಿಎಫ್‌ನಿಂದ ಬಂಗಾರ ಎತ್ಕೊಂಡು ಓದೋರು ಎಷ್ಟೋ ಜನ. ತಣ್ಣಿ ಎತ್ಕೊಂಡು ಓಗ್ತಿರೋ ಮೊದಲ ಆಳು ನೀವೇ" ಎಂದ.

ಮೀನುಗಳಿಗೆ ಪ್ಲಾಸ್ಟಿಕ್ ಕವರ್ ತಂದಿದ್ದೆ. ಆದರೆ ನಾನು ತಂದದ್ದು ದಿನಸಿ ಅಂಗಡಿಯ ಕವರ್, ಅಂಚಿನಲ್ಲೆಲ್ಲ ಜಿನುಗತೊಡಗಿತು. ಕಡೆಗೆ ಸುಗುಣಳ ಸ್ಟೀಲ್ ಬಿಂದಿಗೆಯನ್ನು ಹಳೇ ನೀರಿನಿಂದ ತುಂಬಿ, ನಾಲ್ಕು ಮೀನನ್ನೂ ಅದಕ್ಕೆ ಬಿಟ್ಟು, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದೆ. ಅದರ ಜೋಡಿ ಬಿಂದಿಗೆ ಇನ್ನೊಂದಿತ್ತು. ಅದು ಪೂಜೆಗೆ. ಹೊಸ ಮನೆಗೆ ಮೊದಲು ತುಂಬಿದ ಬಿಂದಿಗೆ ಹೋಗಬೇಕೆಂದು ನನ್ನ ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ನೀರು ಚೆಲ್ಲದಿರಲಿ ಎಂದು ಅದಕ್ಕೂ ಸುಗುಣ ಬಟ್ಟೆ ಕಟ್ಟಿದಳು. ಒಂದೇ ಅಂಗಡಿಯ, ಒಂದೇ ಅಳತೆಯ ಎರಡು ಬಿಂದಿಗೆ, ಎರಡಕ್ಕೂ ಒಂದೇ ಹಳೇ ಪಂಚೆಯ ತುಂಡು. ನಡೆಯಲಿದ್ದುದೆಲ್ಲ ಅಲ್ಲೇ ತಯಾರಾಗಿ ಕೂತಿತ್ತು, ನನಗೆ ಕಾಣಿಸಲಿಲ್ಲ ಅಷ್ಟೆ.

ಸುಗುಣ ದೇವರ ಪಟ ತೊಡೆಯ ಮೇಲಿಟ್ಟುಕೊಂಡು ಸೆಲ್ವಂ ಪಕ್ಕ ಕೂತಳು. ನಾನು ಹಿಂದೆ, ಬೀರು ಮತ್ತು ಮಂಚದ ನಡುವೆ, ಬಿಂದಿಗೆಗಳನ್ನು ಮಂಡಿಯಲ್ಲಿ ಒತ್ತಿ ಹಿಡಿದು ಕೂತೆ. ಸೆಲ್ವಂ ತಂದೆ ಗಣಿಯಲ್ಲಿದ್ದವರು. ಆ ಟೆಂಪೋ ಕೂಡ ಗಣಿಯ ಕಾಲದ್ದೇ ಇರಬೇಕೆಂದು ನನ್ನ ಅನುಮಾನ. ಊರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಮುಂದಿನಿಂದ ಹೊಗೆ ಎದ್ದಿತು. "ಏನಿಲ್ಲ ಸಾರ್, ಇಂಜಿನ್ ಸೂಡಾಯ್ತು, ಅಷ್ಟೇ" ಎಂದು ಸೆಲ್ವಂ ಇಳಿದ. ಜೋಮು ಹಿಡಿದ ಕಾಲು ಆಡಿಸೋಣವೆಂದು ನಾನೂ ಇಳಿದು ಹುಣಸೆ ಮರದ ಕಡೆ ನಡೆದೆ. ತಿರುಗಿ ನೋಡುತ್ತೇನೆ, ಸೆಲ್ವಂ ಒಂದು ಬಿಂದಿಗೆಯನ್ನು ಹೆಗಲಿಗೇರಿಸಿ ರೇಡಿಯೇಟರಿಗೆ ಧಾರೆಯಾಗಿ ಸುರಿಯುತ್ತಿದ್ದಾನೆ!

ನಾನು ಓಡಿದ ವೇಗಕ್ಕೆ ನನ್ನ ಮಂಡಿಗಳೇ ಆಶ್ಚರ್ಯಪಟ್ಟಿರಬೇಕು. "ಮೀನು! ಮೀನು!" ಎಂದು ಕಿರುಚುತ್ತ ಹೋಗಿ ಅವನ ಕೈಯಿಂದ ಬಿಂದಿಗೆ ಕಿತ್ತುಕೊಂಡೆ. ಒಳಗೆ ತಳದಲ್ಲಿ ಒಂದು ಹಿಡಿ ನೀರು. ಮೀನಿಲ್ಲ. ರೇಡಿಯೇಟರಿನ ಬಾಯಿಗೆ ಕಣ್ಣಿಟ್ಟು ನೋಡಿದೆ. ಆವಿ ಮುಖಕ್ಕೆ ಬಡಿಯಿತು. ಸೆಲ್ವಂ ಹೆದರಿ, "ಎನ್ನ ಸಾರ್, ಮೀನು ಇನ್ನೊಂದ್ರಲ್ಲಿ ಐತೆ ಸಾರ್, ನಾನು ಆಡಿಸಿ ನೋಡಿಯೇ ಎತ್ಕೊಂಡೆ" ಎಂದ. ಇನ್ನೊಂದರ ಬಟ್ಟೆ ಬಿಚ್ಚಿ ನೋಡಿದೆ. ನಾಲ್ಕೂ ಇದ್ದವು. ಅವನು ರೇಡಿಯೇಟರಿಗೆ ಸುರಿದದ್ದು ಪೂಜೆಯ ನೀರು. ಮುಂದಿನ ಸೀಟಿನಿಂದ ಸುಗುಣ, "ಏನ್ರೀ ಅದು ಗಲಾಟೆ?" ಎಂದಳು. "ಏನಿಲ್ಲ, ಇಂಜಿನ್‌ಗೆ ನೀರು" ಎಂದೆ. ಯಾವ ನೀರು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮೀನು ಉಳಿದ ಸಂತೋಷದಲ್ಲಿ ಪೂಜೆಯ ಬಿಂದಿಗೆಯ ವಿಷಯ ನನ್ನ ತಲೆಯಿಂದಲೇ ಹಾರಿಹೋಯಿತು. ಖಾಲಿ ಬಿಂದಿಗೆಯನ್ನು ಮಂಚದ ಕೆಳಗೆ ತಳ್ಳಿದೆ.

ಬಂಗಾರಪೇಟೆಯ ಮನೆಯ ಬಾಗಿಲಲ್ಲಿ ಅಕ್ಕ ಆಗಲೇ ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ಬಂದು, ರಂಗೋಲಿ ಹಾಕಿ, ಮಾವಿನ ಸೊಪ್ಪು ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾರಾಯಣಮ್ಮ ಎಂದು ಅವಳ ಹೆಸರು. ಎರಡು ಸೀಮೆ ಹಸು ಸಾಕಿದ್ದಾಳೆ. ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಪುರೋಹಿತರೂ ಅವಳೇ, ಪೊಲೀಸರೂ ಅವಳೇ. ನನ್ನನ್ನು ಕಂಡವಳೇ ಶುರು ಮಾಡಿದಳು. "ಎಷ್ಟೊತ್ಲಾ ಬರೋದು? ರಾಹುಕಾಲ ಬರೋದ್ರೊಳಗೆ ಆಲು ಉಕ್ಕಬೇಕು. ದನದ ಆಸ್ಪತ್ರೇಲಿ ಇದ್ಕೊಂಡು ಒಂದು ಅಸು ತರಕಾಗ್ಲಿಲ್ವೇನ್ಲಾ ನಿನ್ಗೆ? ಜೀವ ಇರೋದು ಏನಾರಾ ಮೊದ್ಲು ಒಳಕ್ಕೆ ಓಗಬೇಕು ಕಣ್ಲಾ." ಹಸುವನ್ನು ಮಹಡಿ ಹತ್ತಿಸಬಹುದು, ಇಳಿಸುವುದು ಕಷ್ಟ ಎಂದು ನನ್ನ ಅನುಭವದಿಂದ ವಿವರಿಸಿದೆ. "ಬುಡು, ನಿನ್ನ ಕೈಲಿ ಏನಾಯ್ತದೆ" ಎಂದಳು.

ಹಾಲು ಉಕ್ಕುವ ತನಕ ಇನ್ಯಾವ ಸಾಮಾನೂ ಮೇಲೆ ಬರಕೂಡದು ಎಂಬುದು ಅವಳ ಆಜ್ಞೆ. ಮಂಚ, ಬೀರು, ಮೂಟೆಗಳೆಲ್ಲ ಟೆಂಪೋದಲ್ಲೇ ಉಳಿದವು. ಮೀನಿನ ತೊಟ್ಟಿಗೆ ಮಾತ್ರ ಹೇಗೋ ಕಾಡಿ ಬೇಡಿ ಅನುಮತಿ ಪಡೆದು, ನಾನೂ ಸೆಲ್ವಂನೂ ಹಿಂಬದಿಯ ಮೆಟ್ಟಿಲಿನಿಂದ ಹೊತ್ತು ತಂದು ಹಜಾರದ ಮೂಲೆಯಲ್ಲಿಟ್ಟು, ಕ್ಯಾನಿನ ನೀರು ತುಂಬಿಸುವುದರಲ್ಲಿ ಮುಳುಗಿದೆವು. ಮೋಟರ್ ಹಾಕಿದರೆ ಕರೆಂಟಿಲ್ಲ. ಅಷ್ಟರಲ್ಲಿ ಅತ್ತ ಅಕ್ಕ ಟೆಂಪೋಗೆ ಇಳಿದು ಹೋಗಿ, ತುಂಬಿದ ಬಿಂದಿಗೆಯೊಂದನ್ನು ಕಂಡು, ಇದೇ ಪೂಜೆಯ ಬಿಂದಿಗೆ ಎಂದು ಎತ್ತಿಕೊಂಡಿದ್ದಾಳೆ. ಸುಗುಣಳ ಸೊಂಟಕ್ಕೆ ಅದನ್ನು ಏರಿಸಿ, ಬಲಗಾಲಿಟ್ಟು ಒಳಗೆ ಬಾ ಎಂದಿದ್ದಾಳೆ. ಮೀನು ಗಂಡನ ಕೈಯಲ್ಲಿ ಭದ್ರವಾಗಿದೆ ಎಂದು ಸುಗುಣ ನಂಬಿದ್ದಾಳೆ. ಸುಗುಣಳ ಹತ್ತಿರ ಇದೆ ಎಂದು ನಾನು ನಂಬಿದ್ದೇನೆ. ಇಷ್ಟೊಂದು ಪರಸ್ಪರ ನಂಬಿಕೆ ನಮ್ಮ ದಾಂಪತ್ಯದಲ್ಲಿ ಅಪರೂಪ.

ಅಡುಗೆಮನೆಯಲ್ಲಿ ಸುಗುಣ ಹಾಲಿಟ್ಟಳು. ಅಕ್ಕ ದೇವರ ಪಟದ ಮುಂದೆ ಅಕ್ಕಿ ಹರಡಿ, ಅದರ ಮೇಲೆ ಬಿಂದಿಗೆ ಕೂರಿಸಿ, ರಾಹುಕಾಲದ ಅವಸರದಲ್ಲಿ ಒಳಗೆ ಇಣುಕದೆಯೇ ಬಟ್ಟೆ ಸರಿಸಿ, ಅರಿಶಿನ, ಕುಂಕುಮ, ಒಂದು ನಾಣ್ಯ ಒಳಗೆ ಬಿಟ್ಟಳು. ಬಾಯಿಯ ಸುತ್ತ ಮಾವಿನೆಲೆ, ಮೇಲೆ ತೆಂಗಿನಕಾಯಿ. ಹಾಲು ಮೂಡಲ ಕಡೆಗೆ ಉಕ್ಕಿತು. ಕೆಳಗಿನ ಮನೆಯ ಯಜಮಾನಿಯೂ ಹೂವು ಹಿಡಿದು ಮೇಲೆ ಬಂದರು. ನಾವೆಲ್ಲ ಕೈಮುಗಿದು ನಿಂತೆವು. ಮಂಗಳಾರತಿಯಾಗಿ, ಎಲ್ಲರ ಕೈಗೂ ಹಾಲು ಬಂದ ಮೇಲೆ ಸುಗುಣ ನನ್ನ ಕಡೆ ತಿರುಗಿ, "ಎಲ್ಲಿ, ಮೀನು ಬಿಡಿ ಈಗ" ಎಂದಳು.

"ನಿನ್ನ ಹತ್ರ ಇದೆಯಲ್ಲ" ಎಂದೆ.

"ನನ್ನ ಹತ್ರ ಎಲ್ಲಿ? ನಿಮ್ಮ ಮಂಡಿ ಮಧ್ಯೆ ಇತ್ತಲ್ಲ."

ಅದೇ ಹೊತ್ತಿಗೆ ಅಕ್ಕ, "ನೋಡ್ಲಾ! ಎಲೆ ನೋಡ್ಲಾ!" ಎಂದು ಕೂಗಿದಳು. ಕಳಸದ ಮಾವಿನೆಲೆಯೊಂದು ತಾನಾಗಿ ಅಲುಗಾಡುತ್ತಿತ್ತು. ಫ್ಯಾನಿಲ್ಲ, ಗಾಳಿಯಿಲ್ಲ. ಎಲೆ ಒಮ್ಮೆ ಕೆಳಗೆ ಜಗ್ಗುತ್ತದೆ, ಮತ್ತೆ ಮೇಲೇಳುತ್ತದೆ. ಅಕ್ಕನ ಕಣ್ಣಲ್ಲಿ ನೀರು ಬಂತು. "ಅಮ್ಮ ಬಂದವ್ಳೆ ಕಣ್ಲಾ! ನಿನ್ನಂತೋನ ಮನೆಗೂ ಬಂದವ್ಳೆ!" ಕೆಳಗಿನ ಮನೆಯಾಕೆ ಕೆನ್ನೆ ಕೆನ್ನೆ ಬಡಿದುಕೊಂಡರು. ಸೆಲ್ವಂ ಚಪ್ಪಲಿ ಬಿಟ್ಟು ಬಂದು ನಿಂತ. ನನಗೊಬ್ಬನಿಗೆ ಗೊತ್ತಾಯಿತು, ಎರಡು ದಿನದಿಂದ ತೀನಿ ಕಾಣದ ನಾಲ್ಕು ಮೀನುಗಳು ಎಲೆಯ ತೊಟ್ಟನ್ನು ಕಚ್ಚಿ ಎಳೆಯುತ್ತಿವೆ. ಸುಗುಣ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಾಯಿತು.

ಒಮ್ಮೆ ಕೂರಿಸಿದ ಕಳಸವನ್ನು ಸಂಜೆ ದೀಪ ಹಚ್ಚಿ ಆರತಿ ಎತ್ತುವ ತನಕ ಕದಲಿಸುವ ಹಾಗಿಲ್ಲ. ಅಕ್ಕನ ಮುಂದೆ ಆ ಮಾತೆತ್ತುವ ಧೈರ್ಯ ನನಗಿಲ್ಲ. ಸಂಜೆಯ ತನಕ ಆ ಇಕ್ಕಟ್ಟಿನಲ್ಲಿ, ಅರಿಶಿನದ ನೀರಿನಲ್ಲಿ ಮೀನು ಬದುಕುವುದೂ ಇಲ್ಲ. ನಾನು ಬಾಯಿ ತೆರೆದೆ, ಮುಚ್ಚಿದೆ, ತೆರೆದೆ. ಸುಗುಣ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋಗಿ ಕಳಸಕ್ಕೆ ಕೈಮುಗಿದಳು. "ಅಕ್ಕ, ಅಮ್ಮ ಬಂದವಳೆ ಅಂದ್ಮೇಲೆ ಇಷ್ಟು ಚಿಕ್ಕ ಬಿಂದಿಗೇಲಿ ಕೂರ್ಸೋದು ಸರಿನಾ? ಅವಳಿಗೆ ಅಂತ್ಲೇ ಅಲ್ಲಿ ದೊಡ್ಡ ಜಾಗ ಮಾಡಿದೀವಿ" ಎಂದು ಮೂಲೆಯ ತೊಟ್ಟಿ ತೋರಿಸಿದಳು. ಅಕ್ಕ ಯೋಚಿಸಿದಳು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಸಿಗಲಿಲ್ಲವೆಂದು ಕಾಣುತ್ತದೆ. ಅಕ್ಷತೆ ಹಾಕಿ ತಾನೇ ಬಿಂದಿಗೆ ಎತ್ತಿಕೊಂಡಳು. ತೆಂಗಿನಕಾಯಿ, ಎಲೆ ತೆಗೆದು, ದೇವರನ್ನು ನೆನೆಯುತ್ತ ತೊಟ್ಟಿಗೆ ಸುರಿದಳು. ಹಳದಿ ನೀರಿನ ಜೊತೆ ಒಂದು ಕಿತ್ತಳೆ ಮೀನು ಜಾರಿತು. ಆಮೇಲೆ ಇನ್ನೊಂದು. ಮತ್ತೊಂದು.

"ಮೀನು ಕಣ್ಲಾ!" ಎಂದು ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧನಾದೆ. ಆದರೆ ಅವಳು ತೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡು ನಗತೊಡಗಿದಳು. "ಜೀವ ಇರೋದು ಮೊದ್ಲು ಒಳಕ್ಕೆ ಓಗಬೇಕು ಅಂದೆ, ಓಯ್ತಲ್ಲ ಬುಡು! ಅಸು ಆದ್ರೇನು, ಮೀನಾದ್ರೇನು!"

ಸುಗುಣ ನಗಲಿಲ್ಲ. "ನಲ್ಲೋಡು ಎಲ್ಲಿ?" ಎಂದಳು.

ನಲ್ಲೋಡು ಬಿಂದಿಗೆಯ ತಳದಲ್ಲಿ ನಾಣ್ಯದ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಅಂಗೈಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟಳು. ಅದು ಒಂದು ಕಡೆಗೆ ವಾಲಿಕೊಂಡು ನಿಧಾನವಾಗಿ ಕೆಳಕ್ಕಿಳಿಯಿತು. ಕಿವಿರು ಮಾತ್ರ ಎಲ್ಲೋ ಒಮ್ಮೆ ಆಡುತ್ತಿತ್ತು. ಸುಗುಣ ತೊಟ್ಟಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. "ಲೆಯ್ಯಿ ನಾನ್ನಾ, ಏಳಪ್ಪ" ಎಂದು ಎರಡೂ ಭಾಷೆಯಲ್ಲಿ ಕರೆದಳು. ನನಗೆ ನಿಜವಾಗಿ ಭಯವಾಯಿತು. ಆ ಕ್ಷಣದಲ್ಲಿ ಮನೆ, ಮಂಡಿ, ಟ್ರೇನು ಯಾವುದೂ ನೆನಪಾಗಲಿಲ್ಲ. ಅವಳ ಸ್ವರ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಷರತ್ತಿನ ವಿಷಯ ದಾರಿಯಲ್ಲಿ ಅವಳಿಂದಲೇ ತಿಳಿದುಕೊಂಡಿದ್ದ ಸೆಲ್ವಂ ನನ್ನ ಕಿವಿಯ ಹತ್ತಿರ ಬಂದು, "ಸಾರ್, ಸಾಮಾನು ಇಳಿಸ್ಲಾ, ಗಾಡಿ ತಿರುಗಿಸ್ಲಾ?" ಎಂದು ಕೇಳಿದ.

"ಇರಯ್ಯ" ಎಂದು ಗದರಿದೆ. ಬೇಕಾದದ್ದು ಗಾಳಿ, ಮೋಟರಿಗೆ ಕರೆಂಟಿಲ್ಲ. ಆಗ ನನಗೆ ಹೊಳೆದದ್ದು ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿ. ಅಲ್ಲಿ ಲೋಟದಿಂದ ಲೋಟಕ್ಕೆ ಗೇಣೆತ್ತರ ಎತ್ತಿ ನೊರೆ ಬರುವ ಹಾಗೆ ಹೊಯ್ಯುತ್ತಾರಲ್ಲ, ಹಾಗೆ. ಒಂದು ಚೊಂಬು ತೆಗೆದುಕೊಂಡು ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದೆ. ಗುಳ್ಳೆಗಳೆದ್ದವು. ಕೈ ಸೋತಾಗ ಸೆಲ್ವಂ ಇಸಿದುಕೊಂಡ. ಅವನು ಸೋತಾಗ ಅಕ್ಕ, "ಆಲು ಕರೆಯೋ ಕೈ ಕಣ್ಲಾ ಇದು, ನಿಮ್ಮಂಗಲ್ಲ" ಎಂದು ಚೊಂಬು ಕಿತ್ತುಕೊಂಡಳು. ಕೆಳಗಿನ ಮನೆಯಾಕೆಯೂ ನಾಲ್ಕು ಚೊಂಬು ಹೊಯ್ದು ಪುಣ್ಯ ಕಟ್ಟಿಕೊಂಡರು. ರಾಹುಕಾಲ ಬಂತು, ಹೋಯಿತು. ಯಾರೂ ಗಮನಿಸಲಿಲ್ಲ.

ಚೊಂಬು ಮತ್ತೆ ನನ್ನ ಕೈಗೆ ಬಂದಿದ್ದಾಗ ಸುಗುಣ ಒಂದು ಮಾತು ಹೇಳಿದಳು. ತೊಟ್ಟಿಯಿಂದ ಕಣ್ಣು ತೆಗೆಯದೆ, "ಇದನ್ನ ಆ ಕಿಟಕಿ ಹತ್ರ ಇಟ್ಟಿದ್ರೆ ಬೆಳಕು ಚೆನ್ನಾಗಿ ಬೀಳ್ತಿತ್ತು" ಎಂದಳು. ನಾನು ನೀರು ಹೊಯ್ಯುತ್ತಲೇ ಇದ್ದೆ. ನಲ್ಲೋಡು ಆಗಿನ್ನೂ ಮಗ್ಗುಲಾಗಿಯೇ ಇತ್ತು. ಅದಾದ ಎಷ್ಟೋ ಹೊತ್ತಿನ ಮೇಲೆ ಅದರ ಬಾಲ ಒಮ್ಮೆ ಹೊರಳಿತು. ನೆಟ್ಟಗಾಯಿತು. ನಮ್ಮೆಲ್ಲರನ್ನೂ ಗುಡ್ಡೆಗಣ್ಣಿನಿಂದ ಒಮ್ಮೆ ನೋಡಿ, ಏನೂ ನಡೆದೇ ಇಲ್ಲವೆಂಬಂತೆ ಈಜಿಕೊಂಡು ಕಲ್ಲಿನ ಹಿಂದೆ ಹೋಯಿತು. ಸುಗುಣ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಸೆಲ್ವಂ, ಇಳಿಸಪ್ಪ" ಎಂದಳು.

ಹೀಗೆ ನಾವು ಬಂಗಾರಪೇಟೆಯವರಾದೆವು. ಸುಗುಣ ಎಷ್ಟು ಬೇಗ ಆದಳೆಂದರೆ ನನಗೆ ಸ್ವಲ್ಪ ಬೇಸರವೇ ಆಯಿತು. ಕಾಮಸಮುದ್ರದ ಕಡೆಯಿಂದ ತರಕಾರಿ ತರುವಾಕೆ ಸಿಕ್ಕಳು, ಬಾಗಿಲಲ್ಲೇ ತೆಲುಗು. ಕೆಳಗಿನ ಮನೆಯಾಕೆಯ ಜೊತೆ ಸಂಜೆ ಪಾನಿಪುರಿಗೆ ಹೋಗತೊಡಗಿದಳು. ಕೆಜಿಎಫ್ ಬೀಗದ ಕೈಯನ್ನು ಮಾರನೆಯ ದಿನ ತಾನೇ ಹೋಗಿ ಮಾಲೀಕರಿಗೆ ಕೊಟ್ಟು, ಸಂಜೆಯ ಟ್ರೇನಿಗೆ ಕಾಯದೆ ಮಧ್ಯಾಹ್ನವೇ ಬಸ್ಸಿನಲ್ಲಿ ಬಂದುಬಿಟ್ಟಳು.

ನಾನು ಮಾತ್ರ ಭಾನುವಾರ ಬಂದರೆ ಕ್ಯಾನು ಹಿಡಿದು ಪ್ಯಾಸೆಂಜರ್ ಟ್ರೇನು ಹತ್ತುತ್ತಿದ್ದೆ. ಮೀನಿಗೆ ನೀರು ತರಬೇಕಲ್ಲ! ನಿಧಾನವಾಗಿ ಬೆರೆಸಬೇಕೆಂದು ಅಂಗಡಿಯವನು ಹೇಳಿಲ್ಲವೇ? ಹಳೇ ಓಣಿಗೆ ಹೋಗಿ, ಅವರಿವರ ಮನೆ ಜಗಲಿಯಲ್ಲಿ ಕೂತು, ಕೊಳಾಯಿ ಯಾವಾಗ ಬಂತು, ಯಾರಿಗೆ ಸಿಗಲಿಲ್ಲ ಎಂಬ ಸುದ್ದಿಯೆಲ್ಲ ಕೇಳಿ, ದಿಬ್ಬದ ಕಡೆಯ ಗಾಳಿಗೆ ಸ್ವಲ್ಪ ಹೊತ್ತು ಮುಖವೊಡ್ಡಿ, ತುಂಬಿದ ಕ್ಯಾನಿನೊಡನೆ ಸಂಜೆ ವಾಪಸು. ಮಂಡಿ ನೋಯುತ್ತಿತ್ತು. ಮೂಕಪ್ರಾಣಿಗಳಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಟ್ರೇನು ಬೇಗ ಸಿಕ್ಕಿ ಮನೆಗೆ ಬಂದರೆ, ಸುಗುಣ ಬಕೆಟ್ಟಿನಿಂದ ಸೀದಾ ಇಲ್ಲಿನ ನಲ್ಲಿ ನೀರನ್ನೇ ತೊಟ್ಟಿಗೆ ಸುರಿಯುತ್ತಿದ್ದಳು. "ಏನೇ ಇದು!" ಎಂದು ಕೂಗಿದೆ.

"ರಾತ್ರಿಯಿಂದ ಬಕೆಟ್‌ನಲ್ಲಿ ಹಿಡಿದಿಟ್ಟಿದ್ದ ನೀರು ರೀ. ಅವಕ್ಕೆ ಯಾವಾಗ್ಲೋ ಒಗ್ಗಿಹೋಯ್ತು" ಎಂದಳು.

"ಹಾಗಾದ್ರೆ ನಾನು ಹೊತ್ತು ತರೋ ನೀರು?"

"ನಿಮ್ಮ ಕಾಫಿಗೆ" ಎಂದಳು ಸುಗುಣ, ಬಕೆಟ್ಟಿನ ತಳ ಬಡಿಯುತ್ತ. "ಬಂದ ಮಾರನೇ ದಿನ ಇಲ್ಲಿನ ನೀರಲ್ಲಿ ಕಾಫಿ ಕೊಟ್ರೆ ಮುಖ ಹಿಂಡಿ ಅರ್ಧ ಲೋಟ ಬಿಟ್ಟು ಎದ್ದು ಹೋದ್ರಲ್ಲ. ನೀವು ಮೊದಲ ಕ್ಯಾನು ತಂದಾಗಿಂದ ನಿಮಗೆ ಕಾಯಿಸಿದ ಕೆಜಿಎಫ್ ನೀರಲ್ಲೇ ಮಾಡ್ತಿದ್ದೆ. ದಿನಾ ಸ್ವಲ್ಪ ಸ್ವಲ್ಪ ಇಲ್ಲಿಂದು ಬೆರೆಸ್ತಾ ಬಂದಿದೀನಿ. ಈಗ ಅರ್ಧಕ್ಕೆ ಅರ್ಧ. ಗೊತ್ತಾಗ್ಲಿಲ್ಲ ತಾನೇ?"

ಗೊತ್ತಾಗಿರಲಿಲ್ಲ. ಬಯಲಲ್ಲಿ ಬಿಟ್ಟರೂ ಬದುಕುತ್ತೇನೆ ಎಂದ ಭಾಷಣ ನೆನಪಾಗಿ, ಮುಖ ಎಲ್ಲಿಡುವುದೆಂದು ತಿಳಿಯದೆ ತೊಟ್ಟಿಯ ಕಡೆ ತಿರುಗಿದೆ. ಕಿಟಕಿಯ ಬೆಳಕಿನಲ್ಲಿ ನಲ್ಲೋಡು ಗಾಜಿಗೆ ಮೂತಿ ಹಚ್ಚಿ ಬಾಯಿ ತೆರೆದು ಮುಚ್ಚಿ ನನ್ನನ್ನೇ ನೋಡುತ್ತಿತ್ತು. ಅದು ಏನು ಕೇಳುತ್ತಿದೆಯೆಂದು ಈ ಸಲ ನಾನು ಊಹಿಸಲು ಹೋಗಲಿಲ್ಲ.

ಮುಂದಿನ ಭಾನುವಾರ, ಸಂಕೋಚದಿಂದಲೇ, ಕ್ಯಾನು ಹಿಡಿದು ಚಪ್ಪಲಿ ಮೆಟ್ಟಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಸುಗುಣ ಬಾಗಿಲ ತನಕ ಬಂದು, ನನ್ನ ಕೈಯಲ್ಲಿದ್ದ ದೊಡ್ಡ ಕ್ಯಾನು ಇಸಿದುಕೊಂಡು, ಚಿಕ್ಕದೊಂದನ್ನು ಕೊಟ್ಟಳು.

"ಈ ವಾರ ಇಷ್ಟು ಸಾಕು" ಎಂದಳು.